ಬಡಪಾಯಿ ಕಂಪ್ಯೂಟರಿಗೊಂದು ಗೇಮ್ ಎಂಜಿನ್

ಗೊತ್ತಿಲ್ಲದ ವಿಷಯದಲ್ಲಿ ಸಲಹೆ ಕೊಡುವುದಿಲ್ಲ ಎಂಬ ವ್ರತ ಹಿಡಿದವರನ್ನು ಕಂಡರೆ ನನಗೆ ಬಹಳ ಗೌರವ. ಆದರೆ ಆಲ್ದೂರಿನಲ್ಲಿ ಕಾಫಿಪುಡಿ ಅಂಗಡಿ ಇಟ್ಟುಕೊಂಡವನಿಗೆ ಆ ವ್ರತ ನಡೆಯುವುದಿಲ್ಲ. ಬೀಜ ಬೀಸಿ ಮುಗಿಯುವ ತನಕ ಗಿರಾಕಿ ಕೌಂಟರಿನ ಮುಂದೆ ನಿಂತಿರಬೇಕು. ನಿಂತವರು ಸುಮ್ಮನೆ ನಿಲ್ಲುವುದಿಲ್ಲ. ಮಗಳ ಕಾಲೇಜು, ಮೆಣಸಿನ ಬಳ್ಳಿಗೆ ಬಂದ ರೋಗ, ತಮ್ಮ ಮಂಡಿನೋವು, ಪಕ್ಕದ ಮನೆಯವರ ಬೇಲಿ, ಹೀಗೆ ಏನಾದರೊಂದನ್ನು ಕೌಂಟರಿನ ಮೇಲೆ ಇಟ್ಟು ನನ್ನ ಮುಖ ನೋಡುತ್ತಾರೆ. ‘ಅದು ನನಗೆ ಗೊತ್ತಿಲ್ಲ’ ಎಂದು ನಾನು ಇದುವರೆಗೆ ಯಾರಿಗೂ ಹೇಳಿದ ನೆನಪಿಲ್ಲ. ಹಾಗೆ ಹೇಳಿದರೆ ನನ್ನ ಪುಡಿಯ ಮೇಲೂ ಅವರಿಗೆ ಅನುಮಾನ ಬಂದೀತು. ಆದ್ದರಿಂದ ಧಾರಾಳವಾಗಿ ಸಲಹೆ ಕೊಡುತ್ತೇನೆ. ಅವರು ಪುಡಿಯನ್ನು ಮಾತ್ರ ತೆಗೆದುಕೊಂಡು ಸಲಹೆಯನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ಊರು ಇಷ್ಟು ಕ್ಷೇಮವಾಗಿರುವುದಕ್ಕೆ ಅದೇ ಕಾರಣವಿರಬೇಕು. ತೊಂದರೆ ಬಂದದ್ದು ಅಂಗಡಿಯಲ್ಲಲ್ಲ, ಹಿಂದಿನ ಬಾಗಿಲು ದಾಟಿದರೆ ಸಿಗುವ ನನ್ನದೇ ಮನೆಯಲ್ಲಿ. ಅಲ್ಲಿ ನನ್ನ ಸಲಹೆಯನ್ನು ಯಾರೂ ಕೇಳಿರಲಿಲ್ಲ, ಮತ್ತು ಅಲ್ಲಿಂದ ಅದನ್ನು ಬಿಟ್ಟು ಹೋಗಲು ಯಾರಿಗೂ ಬೇರೆ ಜಾಗವಿರಲಿಲ್ಲ.

ನನ್ನ ಹೆಂಡತಿ ಗಿರಿಜಾ ಇಲ್ಲಿನ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಒಂದು ದಿನ ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಗ್ರಾಫ್ ಹಾಳೆಯ ಮೇಲೆ ಚುಕ್ಕಿ ಗುರುತಿಸುವ ಪಾಠ ನಡೆಯುತ್ತಿದ್ದಾಗ ಚೈತ್ರಾ ಎಂಬ ಹುಡುಗಿ ಎದ್ದು ನಿಂತು, “ಇದ್ರಿಂದ ಎಂತ ಉಪಯೋಗ ಟೀಚರ್?” ಎಂದು ಕೇಳಿದಳಂತೆ. ನಾನು ಓದುವ ಕಾಲದಲ್ಲಿ ಗಣಿತದ ಮೇಷ್ಟರು ಈ ಪ್ರಶ್ನೆಗೆ ಬೆತ್ತವನ್ನೇ ಉತ್ತರವಾಗಿ ತೋರಿಸುತ್ತಿದ್ದರು, ನಮಗೂ ಅದು ತೃಪ್ತಿಕರವಾಗಿ ಅರ್ಥವಾಗುತ್ತಿತ್ತು. ಈಗ ಆ ಸೌಕರ್ಯವಿಲ್ಲ. ಗಿರಿಜಾ, “ಮೊಬೈಲಲ್ಲಿ ಆಟ ಆಡ್ತೀರಲ್ಲ, ಅದ್ರೊಳಗೆ ಓಡೋನು ಓಡೋದು, ಹಾರೋನು ಹಾರೋದು ಎಲ್ಲಾ ಇದೇ ಲೆಕ್ಕದ ಮೇಲೆ,” ಎಂದಳು. ಚೈತ್ರಾ ಕೂರಲಿಲ್ಲ. “ಹಂಗಾದ್ರೆ ನೀವೊಂದು ಆಟ ಮಾಡಿ ತೋರ್ಸಿ ಟೀಚರ್,” ಎಂದಳು. ಇಡೀ ತರಗತಿ ನಕ್ಕಿತು. ಗಿರಿಜಾಳನ್ನು ನೋಡಿ ನಕ್ಕು ನೆಮ್ಮದಿಯಾಗಿ ಬದುಕಿದವರು ನನಗೆ ತಿಳಿದಂತೆ ಯಾರೂ ಇಲ್ಲ. ಈ ಮಾತನ್ನು ಅನುಭವದಿಂದ ಹೇಳುತ್ತಿದ್ದೇನೆ. “ಮಾಡ್ತೀನಿ,” ಎಂದುಬಿಟ್ಟಳು.

ಮಾಡುತ್ತೇನೆ ಎಂದ ಮಾತು ನಾಳೆ ನಾಡಿದ್ದು ಎಂದು ಜಾರದಂತೆ ಅದಕ್ಕೊಂದು ಮೊಳೆ ಹೊಡೆದವರು ಅವಳ ಸಹೋದ್ಯೋಗಿ ಫೌಜಿಯಾ. ವಿಜ್ಞಾನ ಕಲಿಸುತ್ತಾರೆ, ಚಿತ್ರ ಚೆನ್ನಾಗಿ ಬರೆಯುತ್ತಾರೆ. ನನ್ನನ್ನು ಅಣ್ಣ ಎಂದು ಕರೆಯುತ್ತಾರೆ. ತಂಗಿಯಂದಿರಿಗೆ ಇರಬೇಕಾದ ಭಯಭಕ್ತಿಯನ್ನು ಮಾತ್ರ ಇಟ್ಟುಕೊಂಡಿಲ್ಲ. ಅವರು ಎಲ್ಲಿಂದಲೋ ಗೇಮ್ ಜಾಮ್ ಎಂಬ ಸುದ್ದಿಯನ್ನು ತಂದರು. ಜಾಮ್ ಎಂದರೆ ಇಂಟರ್ನೆಟ್ಟಿನಲ್ಲಿ ನಡೆಯುವ ಒಂದು ರೀತಿಯ ಆಶುಕವಿತೆಯ ಗೋಷ್ಠಿ. ಶುಕ್ರವಾರ ಸಂಜೆ ಒಂದು ವಿಷಯ ಕೊಡುತ್ತಾರೆ. ಭಾನುವಾರ ಸಂಜೆಯೊಳಗೆ ಆ ವಿಷಯದ ಮೇಲೆ ಒಂದು ಕಂಪ್ಯೂಟರ್ ಆಟ ಕಟ್ಟಿ ಕಳಿಸಬೇಕು. ಆಮೇಲೆ ಬಾಗಿಲು ಹಾಕುತ್ತಾರೆ. ಗೆದ್ದವರಿಗೆ ಬಹುಮಾನವಿಲ್ಲ, ಹಾರವಿಲ್ಲ, ತಿಂಡಿಯೂ ಇಲ್ಲ. “ಮತ್ತೆ ಎಂತಕ್ಕೆ ಮಾಡದು?” ಎಂದು ಕೇಳಿದೆ. ಇಬ್ಬರೂ ನನ್ನನ್ನು ನೋಡಿದ ರೀತಿಯಲ್ಲಿ ಚೈತ್ರಾಳ ಪಕ್ಕದ ಬೆಂಚಿನಲ್ಲಿ ನನಗೂ ಒಂದು ಜಾಗ ಕೊಟ್ಟಿದ್ದು ಸ್ಪಷ್ಟವಾಯಿತು. ಮಾರನೆಯ ದಿನವೇ ಗಿರಿಜಾ ತರಗತಿಯಲ್ಲಿ, ಜಾಮ್ ಮುಗಿದ ಸೋಮವಾರ ಮೊದಲ ಪೀರಿಯಡ್ಡಿನಲ್ಲಿ ನನ್ನ ಆಟವನ್ನು ನೀವೇ ಆಡಬಹುದು ಎಂದು ಘೋಷಿಸಿ ಬಂದಳು. ಇನ್ನು ಹಿಂದೆ ಸರಿಯುವಂತಿರಲಿಲ್ಲ. ಆಟ ಆಗದಿದ್ದರೆ ಆ ಹುಡುಗಿಯರು ಮುಂದೆ ಗ್ರಾಫ್ ಹಾಳೆಯನ್ನು ಮಾತ್ರವಲ್ಲ, ಪೈಥಾಗರಸನನ್ನೂ ನಂಬುವುದಿಲ್ಲ ಎಂದು ಅವಳ ಆತಂಕ.

ಇಷ್ಟಕ್ಕೆಲ್ಲ ಇದ್ದ ಆಸರೆ ನಮ್ಮ ಕಂಪ್ಯೂಟರ್. ಅದು ಮೊದಲು ಚಿಕ್ಕಮಗಳೂರಿನ ಒಂದು ಆಫೀಸಿನಲ್ಲಿ ಸೇವೆ ಸಲ್ಲಿಸಿ, ನಿವೃತ್ತಿಯ ನಂತರ ನಮ್ಮ ಅಂಗಡಿಯಲ್ಲಿ ಬಿಲ್ಲು ಬರೆಯುವ ಹಗುರವಾದ ಕೆಲಸಕ್ಕೆ ಸೇರಿಕೊಂಡದ್ದು. ರ್‍ಯಾಮು ಎರಡೇ ಜಿಬಿ. ಗ್ರಾಫಿಕ್ಸ್ ಕಾರ್ಡು ಎನ್ನುವುದು ಅದರ ಪಾಲಿಗೆ ಬೇರೆಯವರ ಮನೆಯ ವೈಭವ. ಬೆಳಿಗ್ಗೆ ಗುಂಡಿ ಒತ್ತಿ, ಅಂಗಡಿ ಗುಡಿಸಿ, ದೇವರಿಗೆ ಊದುಬತ್ತಿ ಹಚ್ಚಿ ಬರುವ ಹೊತ್ತಿಗೆ ಕಣ್ಣು ಬಿಡುತ್ತದೆ. ವರ್ಷಗಟ್ಟಲೆ ಬೀಸುವ ಯಂತ್ರದ ಪಕ್ಕದಲ್ಲೇ ಕೂತಿದ್ದರಿಂದ ಅದರ ಹೊಟ್ಟೆಯೊಳಗೆ ಕಾಫಿಪುಡಿ ಸೇರಿಕೊಂಡಿದೆ. ಕೆಲಸ ಜಾಸ್ತಿಯಾಗಿ ಬಿಸಿಯೇರಿದರೆ ಹುರಿದ ಬೀಜದ ಘಮ ಬರುತ್ತದೆ. ಬೇರೆಯವರ ಕಂಪ್ಯೂಟರು ಎಷ್ಟು ದಣಿದಿದೆ ಎಂದು ತಿಳಿಯಲು ಏನೇನೋ ಅಂಕಿಅಂಶ ನೋಡಬೇಕಂತೆ. ನಮ್ಮದನ್ನು ಮೂಸಿದರೆ ಸಾಕು.

ಆಟ ಕಟ್ಟುವುದಕ್ಕೆ ಗೇಮ್ ಎಂಜಿನ್ ಎಂಬ ತಂತ್ರಾಂಶ ಬೇಕು. ಈ ಹೆಸರು ಕೇಳಿದ ಕೂಡಲೇ ನಮ್ಮ ಊರಿನಲ್ಲಿ ಎಲ್ಲರೂ ಜೀಪಿನ ಮಾತು ತೆಗೆದು ನಕ್ಕರು. ಆ ತಮಾಷೆ ಎಲ್ಲರ ಕೈಯಲ್ಲೂ ಸವೆದುಹೋಗಿರುವುದರಿಂದ ನಾನು ಮಾಡುವುದಿಲ್ಲ. ಫೌಜಿಯಾ ನನಗೆ ವಿವರಿಸಿದ್ದು ಹೀಗೆ: ಅದೊಂದು ಸಜ್ಜಾದ ಅಡುಗೆಮನೆ. ಒಲೆ, ಪಾತ್ರೆ, ಡಬ್ಬಿ ಎಲ್ಲ ಅಲ್ಲೇ ಇರುತ್ತವೆ; ಅಡುಗೆ ಮಾತ್ರ ನೀವು ಮಾಡಬೇಕು. ಕೆಲವು ಅಡುಗೆಮನೆಗಳು ಮದುವೆ ಛತ್ರದವು, ಕೆಲವು ಒಂದೇ ಸ್ಟೌವಿನವು. ನಮ್ಮ ಯಂತ್ರದ ಯೋಗ್ಯತೆಗೆ ತಕ್ಕದ್ದನ್ನು ಆರಿಸಿಕೊಂಡು ಜಾಮಿಗೆ ಮೊದಲು ಅದರಲ್ಲಿ ಸ್ವಲ್ಪ ಕೈ ಪಳಗಿಸಬೇಕು. ಇಷ್ಟು ಕೇಳಿದ್ದೇ ತಡ, ಇದು ನನ್ನ ಕ್ಷೇತ್ರ ಎಂದು ನನಗೆ ಅನ್ನಿಸಿತು. ಮನೆಮನೆಗೂ ಅವರವರ ನಾಲಗೆಗೆ ತಕ್ಕಂತೆ ಬೀಜ, ಚಿಕೋರಿ ಬೆರೆಸಿ ಕೊಡುವವನು ನಾನು. ಈ ಕಂಪ್ಯೂಟರಿನ ಜಠರ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? “ಆರಿಸೋ ಕೆಲಸ ನಂಗೆ ಬಿಡಿ,” ಎಂದೆ. ಗಿರಿಜಾ ಉತ್ತರ ಪತ್ರಿಕೆ ತಿದ್ದುತ್ತಿದ್ದವಳು, “ಹ್ಞೂಂ,” ಎಂದಳು. ಅದು ಪತ್ರಿಕೆಗೆ ಹೇಳಿದ್ದೋ ನನಗೆ ಹೇಳಿದ್ದೋ ನಾನು ವಿಚಾರಿಸಲಿಲ್ಲ. ಅಧಿಕಾರ ಸ್ವೀಕರಿಸುವ ಹೊತ್ತಿನಲ್ಲಿ ಅಂಥ ಪ್ರಶ್ನೆ ಕೇಳಬಾರದು.

ಎಂಜಿನ್ನುಗಳ ಹೆಸರು ಇಲ್ಲಿ ಹೇಳುವುದಿಲ್ಲ. ಸಂಬಂಧ ನೋಡಿ ಬಂದ ಮೇಲೆ ಒಪ್ಪದಿದ್ದರೂ ಆ ಮನೆಯವರ ಹೆಸರನ್ನು ಬೀದಿಯಲ್ಲಿ ಆಡದಿರುವುದು ನಮ್ಮ ಕಡೆಯ ಮರ್ಯಾದೆ. ಮೊದಲು ನೋಡಿದ್ದು ದೊಡ್ಡ ಮನೆತನದ್ದು. ಪ್ರಪಂಚದ ಭಾರೀ ಆಟಗಳೆಲ್ಲ ಅದರಲ್ಲೇ ಹುಟ್ಟಿದವಂತೆ. ಹುಲ್ಲಿನ ಒಂದೊಂದು ಎಸಳೂ ಗಾಳಿಗೆ ಬೇರೆ ಬೇರೆಯಾಗಿ ಅಲ್ಲಾಡುವಷ್ಟು ಸೊಗಸು. ಮೊಬೈಲಿನ ಇಂಟರ್ನೆಟ್ಟಿನಿಂದ ಅದನ್ನು ಇಳಿಸಿಕೊಳ್ಳುವಷ್ಟರಲ್ಲಿ ನಿಜವಾದ ಹುಲ್ಲೇ ಹಿತ್ತಿಲಲ್ಲಿ ಸಾಕಷ್ಟು ಬೆಳೆಯಿತು. ಜಾಗ ಸಾಲದೆ ಮಗನ ಮದುವೆಯ ವಿಡಿಯೋ ಅಳಿಸಬೇಕಾಯಿತು. ಮಗ ಸೊಸೆ ಇಬ್ಬರೂ ತರೀಕೆರೆಯಲ್ಲಿ ಕ್ಷೇಮವಾಗಿಯೇ ಇದ್ದಾರೆ, ಬೇಕಾದಾಗ ನೇರವಾಗಿ ನೋಡಬಹುದು ಎಂದು ಸಮಾಧಾನ ಮಾಡಿಕೊಂಡೆ. ತೆರೆಯಲು ಒತ್ತಿದೆ. ಒಂದು ಗಂಭೀರವಾದ ಲಾಂಛನ ಪರದೆಯ ಮೇಲೆ ಬಂದು ನಿಂತಿತು. ನಿಂತೇ ಇತ್ತು. ಫ್ಯಾನು ಮೆಣಸು ಬಿಡಿಸುವ ಮಿಷನ್ನಿನ ಹಾಗೆ ಶಬ್ದ ಮಾಡತೊಡಗಿತು. ಅಂಗಡಿಯೆಲ್ಲ ಘಮಘಮ. ರಸ್ತೆಯಲ್ಲಿ ಹೋಗುತ್ತಿದ್ದವರೊಬ್ಬರು ಒಳಗೆ ಬಂದು, “ಹೊಸಾ ರೋಸ್ಟಾ? ಒಂದು ಅರ್ಧ ಕೇಜಿ ಕೊಡಿ,” ಎಂದರು. ಎಂಜಿನ್ನು ತೆರೆಯಲಿಲ್ಲ, ವ್ಯಾಪಾರ ಆಯಿತು.

ಎರಡನೆಯದು ತೆರೆದುಕೊಂಡಿತು. ಆದರೆ ಅದರ ನಡವಳಿಕೆ ಬಹಳ ಸಾವಧಾನದ್ದು. ಒಂದು ಗುಂಡಿ ಒತ್ತಿದರೆ ಆ ವಿಷಯವನ್ನು ಪರಿಶೀಲಿಸುತ್ತೇವೆ ಎಂಬ ಭಾವದಲ್ಲಿ ಸುಮ್ಮನಿರುತ್ತಿತ್ತು. ಏನೂ ಆಗಲಿಲ್ಲವೆಂದು ಮತ್ತೆ ಒತ್ತಿದರೆ ಆಮೇಲೆ ಎರಡೂ ಒಟ್ಟಿಗೆ ಆಗುತ್ತಿದ್ದವು. ಪರದೆಯ ಮೇಲಿನ ಒಂದು ಚೌಕವನ್ನು ಎಡದಿಂದ ಬಲಕ್ಕೆ ಸರಿಸಲು ಗಿರಿಜಾ ಬಾಣದ ಗುರುತಿನ ಕೀಲಿ ಒತ್ತಿ, ಒಳಗೆ ಹೋಗಿ ಅನ್ನಕ್ಕೆ ಇಟ್ಟು ಬಂದಳು. ಚೌಕ ಆಗ ಹೊರಟಿತ್ತು. “ಇದ್ರಲ್ಲಿ ಬಸ್ ಸ್ಟ್ಯಾಂಡಿನ ಆಟ ಮಾಡ್ಬೋದು, ಬೇರೆ ಎಂತೂ ಆಗಲ್ಲ,” ಎಂದಳು. ಮೂರನೆಯದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವುದೇ ಬೇಡ, ಇಂಟರ್ನೆಟ್ಟಿನಲ್ಲೇ ಕೂತು ಕೆಲಸ ಮಾಡಬಹುದು ಎಂದರು. ಯಂತ್ರಕ್ಕೆ ಹಗುರ, ಸರಿ. ಆದರೆ ಆಲ್ದೂರಿನ ಇಂಟರ್ನೆಟ್ಟು ತನಗೆ ಮನಸ್ಸು ಬಂದಾಗ ಬಂದು ಹೋಗುವ ನೆಂಟ. ಅವನನ್ನು ನಂಬಿ ಒಲೆ ಹಚ್ಚುವ ಧೈರ್ಯ ಯಾರಿಗೂ ಬರಲಿಲ್ಲ.

ನಾಲ್ಕನೆಯದು ಪುಟಾಣಿ. ಅದನ್ನು ಪತ್ತೆ ಮಾಡಿದವರು ಫೌಜಿಯಾ. ಪರದೆ ಎಂದರೆ ಒಂದು ಅಂಗೈಯಷ್ಟು. ಬಣ್ಣಗಳು ಒಂದು ಕ್ರೇಯಾನ್ ಡಬ್ಬಿಯಷ್ಟು. ಚಿತ್ರಗಳೆಲ್ಲ ಚುಕ್ಕಿ ಚುಕ್ಕಿ ಕೂಡಿಸಿ ಮಾಡಿದ್ದು, ರಂಗೋಲಿಯ ಹಾಗೆ. ಇಳಿಸಿಕೊಳ್ಳಲು ಒತ್ತಿದ ಬೆರಳು ಎತ್ತುವುದರೊಳಗೆ ಇಳಿದಿತ್ತು. ತೆರೆದರೆ ತೆರೆದೇಬಿಟ್ಟಿತು. ಕಂಪ್ಯೂಟರಿನಿಂದ ಶಬ್ದವಿಲ್ಲ, ಘಮವಿಲ್ಲ. ನಾನು ಬಗ್ಗಿ ಮೂಸಿ ನೋಡಿದೆ, ತಣ್ಣಗಿತ್ತು. ಗಿರಿಜಾ ಅಲ್ಲೇ ಕೂತು ಒಂದು ಚುಕ್ಕಿಯನ್ನು ಹಾರಿಸಿದಳು, ಕುಣಿಸಿದಳು. “ರೀ, ನಂಗೆ ಇದೇ ಸಾಕು,” ಎಂದಳು. ಮುಖದಲ್ಲಿ ಸ್ಟಾಫ್ ರೂಮಿನಲ್ಲಿ ಕಾಣದ ಒಂದು ನಗು ಇತ್ತು.

ಬುದ್ಧಿವಂತನಾದ ಗಂಡ ಅಲ್ಲಿಗೆ ನಿಲ್ಲಿಸುತ್ತಿದ್ದ. ಆದರೆ ನನಗೆ ಅದು ಮನಸ್ಸಿಗೆ ಬರಲಿಲ್ಲ. ಇಡೀ ಪ್ರಪಂಚದವರು ಹುಲ್ಲಿನ ಎಸಳು ಅಲ್ಲಾಡಿಸುತ್ತಿರುವಾಗ ನಮ್ಮ ಮನೆಯಿಂದ ರಂಗೋಲಿಯ ಚುಕ್ಕಿ ಕಳಿಸುವುದೇ? ಯಂತ್ರ ಸಣ್ಣದಾದರೆ ಯಂತ್ರವನ್ನು ಬದಲಿಸಬಹುದಲ್ಲ ಎಂಬ ಯೋಚನೆ ಬಂತು. ಕಳಸದಲ್ಲಿ ಗಿರಿಜಾಳ ಅಣ್ಣ ಶಿವಾನಂದಣ್ಣನವರ ಮನೆಯಲ್ಲಿ ಒಳ್ಳೆಯ ಹೊಸ ಕಂಪ್ಯೂಟರು ಇದೆ. ಎರಡು ದಿನದ ಮಟ್ಟಿಗೆ ಕೇಳಿ ತರುವುದು ಎಂದು ಬಸ್ಸು ಹತ್ತಿದೆ. ನಮ್ಮ ಕಡೆ ನೆಂಟರ ಮನೆಗೆ ಹೋದವನು ಬಂದ ಕೆಲಸವನ್ನು ಬಾಗಿಲಲ್ಲೇ ಹೇಳುವ ಕ್ರಮವಿಲ್ಲ. ಮೊದಲು ಕಾಲು ತೊಳೆಯಲು ನೀರು, ಆಮೇಲೆ ಕಾಫಿ, ಆಮೇಲೆ ಯಾರ್ಯಾರು ಹೇಗಿದ್ದಾರೆ ಎಂಬ ವಿಚಾರ, ಆಮೇಲೆ ತೋಟ ಸುತ್ತುವುದು, ಆಮೇಲೆ ಊಟ. “ಎಂತ, ಸುಮ್ನೆ ಬಂದದ್ದಾ?” ಎಂದು ಶಿವಾನಂದಣ್ಣ ಕೇಳಿದರೆ, “ಸುಮ್ನೆ, ನೋಡ್ಕಂಡು ಹೋಗನ ಅಂತ,” ಎನ್ನಬೇಕು, ಎಂದೆ. ಊಟ ಆಗಿ ಎಲೆಅಡಿಕೆ ತಟ್ಟೆ ಬಂದಾಗ ವಿಷಯ ತೆಗೆಯುವ ಶುಭ ಮುಹೂರ್ತ. ಬಾಯಿ ತೆರೆಯಬೇಕು ಎನ್ನುವಾಗ, “ಓ, ನಿಮ್ಮ ಬಸ್ಸಿನ ಹೊತ್ತಾಯ್ತಲ್ಲ ಭಾವ!” ಎಂದು ಅವರೇ ಎದ್ದು ನನ್ನನ್ನು ಬೈಕಿನಲ್ಲಿ ಕೂರಿಸಿಕೊಂಡು ಬಸ್ ಸ್ಟ್ಯಾಂಡಿಗೆ ಬಿಟ್ಟರು. ಕಂಪ್ಯೂಟರಿನ ಬದಲು ಒಂದು ದೊಡ್ಡ ಹಲಸಿನಕಾಯಿಯನ್ನು ತೊಡೆಯ ಮೇಲಿಟ್ಟುಕೊಂಡು ಊರಿಗೆ ಬಂದೆ. “ಇದಕ್ಕೆ ರ್‍ಯಾಮು ಎಷ್ಟಿದೆ?” ಎಂದು ಗಿರಿಜಾ ಕೇಳಿದಳು.

ಇನ್ನು ಉಳಿದದ್ದು ಸಾರ್ವಜನಿಕರ ಅಭಿಪ್ರಾಯ. ಅಂಗಡಿಗೆ ಬಂದವರನ್ನೆಲ್ಲ ಕೇಳತೊಡಗಿದೆ. ಇವರಲ್ಲಿ ಮುಖ್ಯರಾದವರು ಮಲ್ಲೇಶಪ್ಪನವರು. ಊರ ಹೊರಗೆ ಸಣ್ಣದೊಂದು ಕಾಫಿ ತೋಟ ಇದೆ. ಬಾಕಿ ಹೊತ್ತನ್ನು ನನ್ನ ಅಂಗಡಿಯ ಬೆಂಚಿಗೆ ಮೀಸಲಿಟ್ಟಿದ್ದಾರೆ. ವಿಷಯವನ್ನೆಲ್ಲ ಕೇಳಿ, “ದೊಡ್ಡದೇ ತಗಾ ಮಾರಾಯ. ಒಂದ್ಸಲ ಮಾಡಿದ್ರೆ ಮೂರು ತಲೆಮಾರಿಗೆ ಬರಬೇಕು,” ಎಂದರು.

“ಅದು ನಮ್ಮ ಕಂಪ್ಯೂಟರಲ್ಲಿ ಓಪನ್ನೇ ಆಗಲ್ಲ ಮಲ್ಲೇಶಪ್ಪನವರೇ.”

“ಅದಕ್ಕೆ ಸ್ವಲ್ಪ ಟೈಮ್ ಕೊಡಬೇಕಪ್ಪ. ನನ್ನ ಪಂಪ್‌ಸೆಟ್ಟೂ ಹಂಗೇ. ಬೆಳಿಗ್ಗೆ ಎರಡು ಒದೆ ಕೊಟ್ಟು ಕೂತರೆ ಮಧ್ಯಾಹ್ನ ತಾನಾಗೇ ಶುರುವಾಗುತ್ತೆ.”

“ಒದೆಯದು ಎಲ್ಲಿಗೆ?”

“ಅದು ಮನೆಯವ್ರನ್ನ ಕೇಳು. ಅವ್ರು ಲೆಕ್ಕದ ಟೀಚರಲ್ವ.”

ಉಳಿದವರೂ ದೊಡ್ಡದಕ್ಕೇ ಮತ ಹಾಕಿದರು. ತನ್ನದಲ್ಲದ ವಸ್ತುವಿನ ವಿಷಯದಲ್ಲಿ ಮನುಷ್ಯನಿಗೆ ಬರುವ ಔದಾರ್ಯವೇ ಬೇರೆ. ನಮ್ಮ ಕಂಪ್ಯೂಟರಿನಲ್ಲಿ ಒಂದು ಸಲಕ್ಕೆ ಒಂದು ಎಂಜಿನ್ನು ಹಿಡಿಸಿದರೆ ಹೆಚ್ಚು. ಹೊಸದು ಬರಬೇಕಾದರೆ ಹಳೆಯದು ಗಂಟುಮೂಟೆ ಕಟ್ಟಬೇಕು. ಹೀಗೆ ತೆಗೆದು ಹಾಕಿ, ಹಾಕಿ ತೆಗೆದು, ಕೈ ಪಳಗಿಸಲು ಇದ್ದ ವಾರಗಳನ್ನೆಲ್ಲ ನಾನು ಆಯ್ಕೆಯ ಕೆಲಸದಲ್ಲೇ ಮುಗಿಸಿದ್ದೆ. ಜಾಮಿನ ಶುಕ್ರವಾರ ಬೆಳಿಗ್ಗೆ, ಗಿರಿಜಾ ಸ್ಕೂಲಿಗೆ ಹೋದ ಮೇಲೆ, ದೊಡ್ಡ ಮನೆತನಕ್ಕೆ ಕೊನೆಯದಾಗಿ ಒಂದು ಅವಕಾಶ ಕೊಡೋಣ ಎಂದು ಪುಟಾಣಿಯನ್ನು ಕಿತ್ತು ಅದನ್ನು ಮತ್ತೆ ಹಾಕಿದೆ. ಒದೆಯಲಿಲ್ಲ, ಆದರೆ ಟೈಮ್ ಕೊಟ್ಟೆ. ಸಂಜೆ ಗಿರಿಜಾ ಮತ್ತು ಫೌಜಿಯಾ ಉತ್ಸಾಹದಿಂದ ಮನೆಗೆ ಬಂದಾಗ ಪರದೆಯ ಮೇಲೆ ಆ ಗಂಭೀರವಾದ ಲಾಂಛನ ನಿಂತಿತ್ತು, ಕೋಣೆ ಘಮಘಮಿಸುತ್ತಿತ್ತು.

“ಪುಟಾಣಿ ಎಲ್ಲಿ?” ಎಂದಳು ಗಿರಿಜಾ.

“ತಾತ್ಕಾಲಿಕವಾಗಿ...” ಎಂದು ಶುರು ಮಾಡಿದೆ.

ಫೌಜಿಯಾ ಚೀಲದಿಂದ ಒಂದು ಪೆನ್ ಡ್ರೈವ್ ತೆಗೆದರು. “ಅಣ್ಣ ಎಂತಾದ್ರೂ ಮಾಡ್ತಾರೆ ಅಂತ ಗೊತ್ತಿತ್ತು ಮೇಡಂ. ಇದ್ರಲ್ಲಿ ಇಟ್ಕಂಡಿದೀನಿ.” ಪುಟಾಣಿ ಮರಳಿ ಮನೆ ತುಂಬಿತು. ಕಂಪ್ಯೂಟರು ಅಂಗಡಿಯಿಂದ ಒಳಗಿನ ಹಾಲಿಗೆ ಬಂತು. ನನಗೆ ಅಂಗಡಿಗೆ ಹೋಗುವಂತೆ ಸೂಚನೆ ಬಂತು.

ಕೊಟ್ಟ ವಿಷಯ ‘ಇನ್ನೂ ಸ್ವಲ್ಪ ಹೊತ್ತು’ ಎಂಬುದಾಗಿತ್ತು. ಬೇರೆ ದೇಶದವರಿಗೆ ಏನು ಹೊಳೆಯಿತೋ. ಫೆಬ್ರವರಿ ಕಳೆಯುತ್ತಿದ್ದ ದಿನಗಳಲ್ಲಿ ನಮ್ಮ ಊರಿನವರಿಗೆ ಹೊಳೆಯುವುದು ಒಂದೇ. ಕಣದಲ್ಲಿ ಕಾಫಿ ಹಣ್ಣು ಒಣಗಲು ಹರಡಿರುತ್ತದೆ. ಆಕಾಶದಲ್ಲಿ ಮೋಡ ಕಾಣುತ್ತದೆ. ಆಗ ಟಾರ್ಪಾಲು ಹೊದಿಸಬೇಕೋ, ಇನ್ನೂ ಸ್ವಲ್ಪ ಹೊತ್ತು ಬಿಸಿಲು ಕಾಣಲೆಂದು ಬಿಡಬೇಕೋ? ಬೇಗ ಹೊದಿಸಿದರೆ ಒಳಗೇ ಬೆವತು ಬೂಷ್ಟು ಹಿಡಿಯುತ್ತದೆ. ತಡ ಮಾಡಿದರೆ ತೊಯ್ದು ಹೋಗುತ್ತದೆ. ಇದೇ ಆಟ. ಮೋಡ ಎಲ್ಲಿದೆ, ಎಷ್ಟು ವೇಗದಲ್ಲಿ ಬರುತ್ತಿದೆ ಎಂಬುದೆಲ್ಲ ಗ್ರಾಫ್ ಹಾಳೆಯ ಲೆಕ್ಕ. ಚೈತ್ರಾಳಿಗೆ ನೇರವಾಗಿ ತಗಲುವಂತೆ ಇತ್ತು. ಶನಿವಾರ ಇಡೀ ದಿನ ಇಬ್ಬರೂ ಹಾಲಿನಲ್ಲಿ ಕೂತರು. ಫೌಜಿಯಾ ಚುಕ್ಕಿಗಳಿಂದ ಮೋಡ ಮಾಡಿದರು, ಟಾರ್ಪಾಲು ಮಾಡಿದರು. ಗಿರಿಜಾ ಮೋಡವನ್ನು ಓಡಿಸಿದಳು. ಆ ಎರಡು ದಿನ ನಮ್ಮ ಮನೆಯಲ್ಲಿ ಹಲಸಿನಕಾಯಿಯ ಪಲ್ಯ ಬಿಟ್ಟು ಬೇರೆ ಅಡುಗೆ ಆದ ನೆನಪಿಲ್ಲ, ಮಾಡಿದವನು ನಾನೇ.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಆಟ ಮುಗಿದಿತ್ತು. ಮಳೆಯ ಶಬ್ದ, ಅಂಕಗಳು, ಗೆದ್ದರೆ ಬರುವ ಸಣ್ಣ ಸಂಗೀತ ಎಲ್ಲ ಬೆಳಗಿನಿಂದ ಸೇರಿಸಿದ್ದರು. ಫೌಜಿಯಾ ಅಡುಗೆಮನೆಯಲ್ಲಿ ಕಾಫಿಗೆ ಇಟ್ಟಿದ್ದರು. ಗಿರಿಜಾ, “ಒಂದ್ಸಲ ಸೇವ್ ಮಾಡಿ ಕಳಿಸಿಬಿಡನ,” ಎಂದು ಗುಂಡಿ ಒತ್ತಿದಳು. ಅದೇ ಕ್ಷಣಕ್ಕೆ ಗುಡ್ಡದ ಆಚೆ ಗುಡುಗಿತು.

ಈಗ ಒಂದು ವಿಷಯ ಹೇಳಬೇಕು. ನಮ್ಮ ಕಡೆ ಮಕ್ಕಳು ಮಾತು ಕಲಿಯುವ ಮುಂಚೆ ಪ್ಲಗ್ಗು ಕೀಳುವುದನ್ನು ಕಲಿಯುತ್ತವೆ. ವರ್ಷದ ಮೊದಲ ಗುಡುಗು ಕೇಳಿದರೆ ಊರಿಗೆ ಊರೇ ಎದ್ದು ಟಿವಿ, ಫ್ರಿಜ್ಜು, ಮೋಟರು, ಎಲ್ಲದರ ಪ್ಲಗ್ಗು ಕಿತ್ತು ನಿಲ್ಲುತ್ತದೆ. ಕೀಳದೆ ಕೂತ ಸೋಮಾರಿಗಳ ಮನೆಯ ಟಿವಿಗಳಿಗೆ ಏನೇನಾಯಿತು ಎಂಬ ಕಥೆಗಳನ್ನು ಅಜ್ಜಂದಿರು ಸಿಡಿಲಿಗಿಂತ ಜೋರಾಗಿ ಹೇಳುತ್ತಾರೆ. ನೆಂಟರ ಮನೆಯಲ್ಲಿದ್ದರೂ ಗುಡುಗಿದ ಕೂಡಲೇ ಅವರ ಪ್ಲಗ್ಗನ್ನು ನಾವೇ ಕಿತ್ತುಬಿಡುತ್ತೇವೆ. ಯಾರೂ ತಪ್ಪು ತಿಳಿಯುವುದಿಲ್ಲ, ಉಪಕಾರ ಎನ್ನುತ್ತಾರೆ. ಈ ಕೆಲಸಕ್ಕೆ ಕೈ ತಲೆಯ ಅಪ್ಪಣೆಯನ್ನು ಕಾಯುವುದಿಲ್ಲ. ನಾನು ಅಂಗಡಿಯಲ್ಲಿದ್ದವನು ಹಾಲಿಗೆ ಹೇಗೆ ಬಂದೆ ಎಂಬುದು ನನಗೇ ತಿಳಿಯದು. “ಹೂಮಳೆ ಬಂತು!” ಎಂದು ಸಂಭ್ರಮದಿಂದ ಕೂಗುತ್ತ ಬಂದದ್ದು ನೆನಪಿದೆ. ಕಾಫಿ ಗಿಡಕ್ಕೆ ಹೂವು ಬಿಡಿಸುವ ಮಳೆ. ಅದು ಬಂದರೆ ಊರಿಗೇ ಹಬ್ಬ. ಕೂಗು ಮುಗಿಯುವಷ್ಟರಲ್ಲಿ ಪ್ಲಗ್ಗು ನನ್ನ ಕೈಯಲ್ಲಿತ್ತು.

ಪರದೆ ಕಪ್ಪಾಯಿತು. ಗಿರಿಜಾಳ ಬೆರಳು ಇನ್ನೂ ಕೀಲಿಯ ಮೇಲೇ ಇತ್ತು.

“ಸೇವ್ ಆಗ್ತಿತ್ತು,” ಎಂದಳು. ಬಯ್ಯಲಿಲ್ಲ. ಬಯ್ದಿದ್ದರೆ ನನಗೆ ಉತ್ತರ ಗೊತ್ತಿತ್ತು.

ಹೊರಗೆ ಮಳೆ ಇನ್ನೂ ಬಂದಿರಲಿಲ್ಲ. ಪ್ಲಗ್ಗನ್ನು ಎಷ್ಟು ಮೆತ್ತಗೆ ಸಾಧ್ಯವೋ ಅಷ್ಟು ಮೆತ್ತಗೆ ಮತ್ತೆ ಹಾಕಿದೆ. ಕಂಪ್ಯೂಟರು ತನ್ನ ಪದ್ಧತಿಯಂತೆ ನಿಧಾನವಾಗಿ ಕಣ್ಣು ಬಿಟ್ಟಿತು. ಬರೆಯುತ್ತಿರುವಾಗಲೇ ಕಿತ್ತಿದ್ದರಿಂದ ಆಟದ ಕಡತ ತೆರೆದರೆ ಒಳಗೆ ಏನೂ ಇರಲಿಲ್ಲ; ಒರೆಸಿದ ಬೋರ್ಡಿನ ಹಾಗೆ ಖಾಲಿ. ಫೌಜಿಯಾ ಕಾಫಿ ಲೋಟಗಳನ್ನು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. “ನಿನ್ನೆ ಸಂಜೆದು ನನ್ನ ಪೆನ್ ಡ್ರೈವಲ್ಲಿದೆ ಮೇಡಂ,” ಎಂದರು. ನಿನ್ನೆಯದರಲ್ಲಿ ಮೋಡ ಇತ್ತು, ಟಾರ್ಪಾಲು ಇತ್ತು. ಮಳೆಯೂ ಇರಲಿಲ್ಲ, ಅಂಕವೂ ಇರಲಿಲ್ಲ. ಸೋಲು ಗೆಲುವು ಯಾವುದೂ ಇರಲಿಲ್ಲ. ಬಾಗಿಲು ಹಾಕುವುದಕ್ಕೆ ಉಳಿದಿದ್ದುದು ಸಂಜೆಯ ತನಕ.

ಅಷ್ಟರಲ್ಲಿ ಸಿಡಿಲೊಂದು ಬಡಿದು ಊರಿನ ಕರೆಂಟೇ ಹೋಯಿತು. ನೋಡಿದೆಯಾ, ನಾನು ಕೀಳದಿದ್ದರೂ ಹೋಗುತ್ತಿತ್ತು ಎಂದು ಹೇಳುವ ಆಸೆ ನಾಲಗೆಯ ತುದಿಗೆ ಬಂತು. ಕಾಫಿಯ ಜೊತೆಗೆ ನುಂಗಿದೆ. ಮನೆಯ ಸಣ್ಣ ಇನ್ವರ್ಟರಿಗೆ ಕಂಪ್ಯೂಟರಿನ ತಂತಿ ಸೇರಿಸಿ, ಬೇರೆ ಎಲ್ಲ ಲೈಟು ಫ್ಯಾನು ಆರಿಸಿದೆವು. ಗಿರಿಜಾ ಕುರ್ಚಿ ಎಳೆದುಕೊಂಡು ಕೂತಳು. ಬೋರ್ಡು ತುಂಬ ಬರೆದ ಲೆಕ್ಕವನ್ನು ಯಾರೋ ಒರೆಸಿಬಿಟ್ಟರೆ ಅವಳು ಗೊಣಗುವುದಿಲ್ಲ. ಮೇಲಿನಿಂದ ಮತ್ತೆ ಶುರು ಮಾಡುತ್ತಾಳೆ, ಎರಡನೆಯ ಸಲ ಇನ್ನೂ ಚಿಕ್ಕದಾಗಿ. ಹಾಗೆಯೇ ಮಾಡಿದಳು. ಮಧ್ಯದಲ್ಲಿ ಫೌಜಿಯಾ ಏನೋ ಕಿವಿಯಲ್ಲಿ ಹೇಳಿದರು, ಇಬ್ಬರೂ ನನ್ನ ಕಡೆ ಒಮ್ಮೆ ನೋಡಿ ನಕ್ಕರು. ನಗು ಬಂತಲ್ಲ, ಪರಿಸ್ಥಿತಿ ಸುಧಾರಿಸಿದೆ ಎಂದು ನಾನು ಸಂತೋಷಪಟ್ಟೆ.

ಮಳೆ ಬಾಳೆಹೊನ್ನೂರಿನ ಕಡೆ ಸರಿದು ಸಂಜೆ ಬೆಳಕು ಮಂಕಾಗುವ ಹೊತ್ತಿಗೆ ಆಟ ಮತ್ತೆ ಸಿದ್ಧವಾಯಿತು. ಕರೆಂಟಿಲ್ಲದೆ ಟವರೂ ಬಳಲಿತ್ತು. ಮನೆಯಲ್ಲಿ ಮೊಬೈಲಿಗೆ ಸಿಗ್ನಲ್ಲಿನ ಒಂದೇ ಒಂದು ಗೆರೆ ಸಿಗುವುದು ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತರೆ. ಆ ಕೆಲಸ ನನಗೆ ಬಂತು. ಪಂಚೆಯನ್ನು ಮೊಣಕಾಲಿನ ಮೇಲೆ ಎತ್ತಿ ಕಟ್ಟಿ, ಉಳಿದ ತುಂತುರಿಗೆಂದು ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಮೊಬೈಲನ್ನು ಆಕಾಶಕ್ಕೆ ಎತ್ತಿ ಹಿಡಿದು ನಿಂತೆ. ನೆನೆದ ಮಣ್ಣಿನ ವಾಸನೆ. ಕಿಟಕಿಯೊಳಗಿಂದ ಗಿರಿಜಾ, “ಅಲ್ಲಾಡಬೇಡಿ! ಎಂತ ಗುಡುಗಿದ್ರೂ ಅಲ್ಲಾಡಬೇಡಿ!” ಎಂದು ಕೂಗಿದಳು. ದೂರದಲ್ಲಿ ಗುಡುಗಿತು. ನನ್ನ ಬಲಗೈ ತಾನಾಗಿಯೇ ಏನನ್ನೋ ಕೀಳಲು ಹೊರಟಿತು. ಕೊಡೆ ಇದ್ದದ್ದರಿಂದ ತಡೆಯಿತು. ಪುಟಾಣಿಯ ಆಟ ಎಷ್ಟು ಹಗುರವಿತ್ತೆಂದರೆ ಆ ಒಂದು ಗೆರೆಯ ಮೇಲೇ ದಾಟಿಕೊಂಡು ಹೋಯಿತು. ದೊಡ್ಡ ಮನೆತನದ್ದಾಗಿದ್ದರೆ ಮುಂದಿನ ಸುಗ್ಗಿಯ ತನಕ ನಾನು ಆ ಕಲ್ಲಿನ ಮೇಲೇ ಇರುತ್ತಿದ್ದೆ, ಬಂದವರು ಅರಿಶಿನ ಕುಂಕುಮ ಹಚ್ಚಲು ಶುರು ಮಾಡುತ್ತಿದ್ದರು. “ಹೋಯ್ತು!” ಎಂದು ಒಳಗಿನಿಂದ ಎರ‍ಡು ಧ್ವನಿ ಒಟ್ಟಿಗೆ ಕೇಳಿದವು.

ಸೋಮವಾರ ಗಿರಿಜಾ ಸ್ಕೂಲಿನಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ಸುದ್ದಿ ಹೇಳಿದಳು. ಮೊದಲ ಪೀರಿಯಡ್ಡಿನಲ್ಲಿ ಶುರುವಾದ ಆಟ ಬೆಲ್ಲು ಹೊಡೆದರೂ ನಿಂತಿರಲಿಲ್ಲವಂತೆ. ಚೈತ್ರಾ ಮೂರು ಸಲ ಸೋತು, ಆಮೇಲೆ ಗ್ರಾಫ್ ಹಾಳೆ ತೆಗೆದು ಮೋಡ ಯಾವ ಚುಕ್ಕಿಗೆ ಬಂದಾಗ ಟಾರ್ಪಾಲು ಎಳೆಯಬೇಕು ಎಂದು ಲೆಕ್ಕ ಹಾಕಿ ಗೆದ್ದಳಂತೆ. ಇದನ್ನು ಹೇಳುವಾಗ ಗಿರಿಜಾಳ ಕಣ್ಣು ಒದ್ದೆಯಾಗಿತ್ತು. ಆಮೇಲೆ, “ಆ ಅಂಕಲ್ಲನ್ನ ಕಂಡ್ರೆ ಮಾತ್ರ ಎಲ್ರೂ ಬಯ್ತಿದ್ರು,” ಎಂದು ನಗುತ್ತ ಒಳಗೆ ಹೋದಳು. ಯಾವ ಅಂಕಲ್ ಎಂದು ನನಗೆ ತಿಳಿಯಲಿಲ್ಲ. ಎಡವಟ್ಟಾದ ಮೇಲೆ ಆಟವನ್ನು ಆಡಿ ನೋಡುವ ಧೈರ್ಯವನ್ನು ನಾನು ಮಾಡಿರಲಿಲ್ಲ.

ಮಾರನೆಯ ದಿನ ಕಂಪ್ಯೂಟರು ಅಂಗಡಿಗೆ ಮರಳಿತು. ಮಲ್ಲೇಶಪ್ಪನವರು ಬಂದು ಬೆಂಚಿನಲ್ಲಿ ಕೂತು, “ಎಲ್ಲಿ, ನಮ್ಮ ಟೀಚರ್ ಮಾಡಿದ್ದು ತೋರ್ಸು ಮಾರಾಯ,” ಎಂದರು. ಜಾಮಿನ ಪುಟದಲ್ಲೇ ತೆರೆದು ಕೊಟ್ಟೆ. ಕಣ, ಹಣ್ಣು, ಮೋಡ. ಎಲ್ಲ ಚಂದ ಇತ್ತು. ಜೀವಮಾನವಿಡೀ ಇದೇ ಕೆಲಸ ಮಾಡಿದ ಮಲ್ಲೇಶಪ್ಪನವರು ಗಂಭೀರವಾಗಿ ಮೋಡವನ್ನೇ ನೋಡುತ್ತ ಕಾದರು. ಸಣ್ಣಗೆ ಗುಡುಗಿದ ಶಬ್ದ ಬಂತು. ಆಗ ಪರದೆಯ ಮೂಲೆಯಿಂದ ಚುಕ್ಕಿಗಳಿಂದ ಮಾಡಿದ ಒಬ್ಬ ಮನುಷ್ಯ ಓಡಿಬಂದ. ಬೋಳು ತಲೆ, ದಪ್ಪ ಮೀಸೆ, ಮೊಣಕಾಲಿನ ಮೇಲೆ ಎತ್ತಿ ಕಟ್ಟಿದ ಪಂಚೆ. ಯಾರೂ ಕರೆಯದೆ ಬಂದು, ಒಳ್ಳೆಯ ಬಿಸಿಲಿನಲ್ಲಿ ಇಡೀ ಕಣಕ್ಕೆ ಟಾರ್ಪಾಲು ಹೊದಿಸಿ, ಸಂತೋಷದಿಂದ ಕೈ ಎತ್ತಿ ಕುಣಿದ. ಹಣ್ಣೆಲ್ಲ ಬೂಷ್ಟು ಹಿಡಿದು ಮಲ್ಲೇಶಪ್ಪನವರು ಸೋತರು. ಆಟದ ಕೆಳಗೆ ಊರೂರಿನಿಂದ, ದೇಶದೇಶದಿಂದ ಆಡಿದವರು ಅಭಿಪ್ರಾಯ ಬರೆದಿದ್ದರು. ಎಲ್ಲರೂ ಮೋಡವನ್ನು ಬಿಟ್ಟು ಇವನ ವಿಷಯವನ್ನೇ ಬರೆದಿದ್ದರು. ಅಷ್ಟು ಸಣ್ಣ ಪರದೆಯಲ್ಲಿ, ಅಷ್ಟು ಕಡಿಮೆ ಚುಕ್ಕಿಯಲ್ಲಿ, ಮದುವೆಯ ಇಷ್ಟು ವರ್ಷಗಳ ಅನುಭವವನ್ನೆಲ್ಲ ಗಿರಿಜಾ ಹಿಡಿಸಿದ್ದಳು. ಪುಟಾಣಿ ಎಂಜಿನ್ನಿನ ಶಕ್ತಿಯ ಬಗ್ಗೆ ನನಗೆ ಇನ್ನು ಯಾವ ಸಂಶಯವೂ ಉಳಿಯಲಿಲ್ಲ.

“ಯಾರು ಮಾರಾಯ ಇವ್ನು, ಸುಮ್ನೆ ಅಡ್ಡ ಬರ್ತಾನಲ್ಲ?” ಎಂದರು ಮಲ್ಲೇಶಪ್ಪನವರು, ಸಿಟ್ಟಿನಿಂದ.

“ಅದು ನನಗೆ ಗೊತ್ತಿಲ್ಲ,” ಎಂದೆ.

“ಓಡ್ಸದು ಹೆಂಗೆ ಇವ್ನನ್ನ?”

ಪರದೆಯ ಕೆಳಗೆ ಬರೆದಿದ್ದನ್ನು ಓದಿ ಗುಂಡಿ ತೋರಿಸಿದೆ. ಅವರು ಬಹಳ ಹೊತ್ತು, ಬೇಕಾದದ್ದಕ್ಕಿಂತ ಜೋರಾಗಿಯೇ, ಒತ್ತಿದರು.